ನಿಂತ ಕಾರಿನೊಳಗೆ ನೂರು ಎಕರೆ

ಏಪ್ರಿಲ್ ತಿಂಗಳ ಮಧ್ಯಾಹ್ನ. ರಸ್ತೆ ಬದಿಯಲ್ಲಿ ಬೀಗ ಹಾಕಿ ನಿಲ್ಲಿಸಿದ ಒಂದು ಪೆಟ್ರೋಲ್ ಕಾರು. ಎಂಜಿನ್ ಆಫ್ ಆಗಿದೆ, ಒಳಗೆ ಯಾರೂ ಇಲ್ಲ, ಸದ್ದೇ ಇಲ್ಲ. ಆದರೂ ಆ ಕಾರು ಕೆಲಸ ಮಾಡುತ್ತಿದೆ! ಹಿಂದಿನ ಸೀಟಿನ ಕೆಳಗಿರುವ ಟ್ಯಾಂಕು ಬಿಸಿಲೇರಿದಂತೆಲ್ಲ ನಿಧಾನಕ್ಕೆ ಉಸಿರು ಬಿಡುತ್ತದೆ, ರಾತ್ರಿ ತಂಪಾದಂತೆಲ್ಲ ಉಸಿರು ಎಳೆದುಕೊಳ್ಳುತ್ತದೆ. ಬಿಟ್ಟ ಉಸಿರಿನಲ್ಲಿರುವುದು ಪೆಟ್ರೋಲ್ ಆವಿ. ಅದು ಬೀದಿಯ ಗಾಳಿಗೆ ಸೇರದಂತೆ ದಾರಿಯಲ್ಲೇ ಹಿಡಿದು, ಕೂಡಿಟ್ಟು, ಕಾರು ಮತ್ತೆ ಹೊರಟಾಗ ಎಂಜಿನ್ನಿಗೆ ಊಡಿಸುವ ಒಂದು ಏರ್ಪಾಡು ಕಾರಿನಲ್ಲಿದೆ. ಅದರ ನಡುವೆ ಇರುವುದು ಇದ್ದಿಲು ತುಂಬಿದ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಕ್ಯಾನಿಸ್ಟರ್. ಜಾಹೀರಾತಿನಲ್ಲಿ ಇದರ ಹೆಸರು ಬರುವುದಿಲ್ಲ, ಸರ್ವಿಸ್ ಬಿಲ್ಲಿನಲ್ಲೂ ಅಪರೂಪ. ಆದರೆ ಒಂದು ಸಲ ಇದರ ಒಳಗುಟ್ಟು ತಿಳಿದ ಮೇಲೆ ಕಾರಿನ ಬೇರೆ ಯಾವ ಭಾಗವೂ ನನಗೆ ಇಷ್ಟು ಸೊಗಸಾಗಿ ಕಂಡಿಲ್ಲ.

ಮೊದಲು ಪೆಟ್ರೋಲನ್ನೇ ನೋಡಿ. ನಾವು ಅದನ್ನು ಒಂದು ದ್ರವ ಎಂದುಕೊಂಡಿದ್ದೇವೆ. ನಿಜಕ್ಕೆ ಅದು ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಸಂತೆ. ಕೆಲವು ಭಾರವಾದವು, ಇನ್ನೂರು ಡಿಗ್ರಿ ಹತ್ತಿರ ಬಂದರಷ್ಟೇ ಕುದಿಯುವಂಥವು. ಕೆಲವು ತೀರಾ ಹಗುರ. ಪೆಂಟೇನ್ ಕುದಿಯಲು 36 ಡಿಗ್ರಿ ಸೆಲ್ಸಿಯಸ್ ಸಾಕು; ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬೇಸಿಗೆಯ ಬೆಳಗು ಹತ್ತು ಗಂಟೆಗೇ ಆ ಬಿಸಿ ಇರುತ್ತದೆ. ಬ್ಯೂಟೇನ್ ಅಂತೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಡುಗೆ ಸಿಲಿಂಡರಿನಲ್ಲಿರುವ ಅದೇ ಬ್ಯೂಟೇನ್! ಅದು ಪೆಟ್ರೋಲಿನಲ್ಲಿ ಕರಗಿಕೊಂಡು ಕೂತಿದೆ, ಸಂದು ಸಿಕ್ಕರೆ ಹಾರಿಹೋಗಲು ಕಾದಿದೆ. ಹಾಗೆ ಹಾರುವ ಗುಣ ಪೆಟ್ರೋಲಿಗೆ ಬೇಕೇ ಬೇಕು, ಇಲ್ಲದಿದ್ದರೆ ತಣ್ಣನೆಯ ಎಂಜಿನ್ ಬೆಳಗ್ಗೆ ಸ್ಟಾರ್ಟ್ ಆಗುವುದೇ ಇಲ್ಲ. ಎಂಜಿನ್ನಿಗೆ ಬೇಕಾದ ಗುಣವೇ ಟ್ಯಾಂಕಿಗೆ ತಲೆನೋವು. ಡೀಸೆಲ್ ಹೀಗೆ ಹಾರುವುದಿಲ್ಲ, ಅದಕ್ಕೇ ಡೀಸೆಲ್ ಕಾರಿನಲ್ಲಿ ಈ ಡಬ್ಬಿಯನ್ನು ಹುಡುಕಿದರೂ ಸಿಗುವುದಿಲ್ಲ.

ಹಾಗಾದರೆ ಟ್ಯಾಂಕನ್ನು ಬಿಗಿಯಾಗಿ ಮುಚ್ಚಿಬಿಟ್ಟರೆ ಆಯಿತಲ್ಲ ಅನ್ನಿಸಬಹುದು. ಆಗುವುದಿಲ್ಲ. ಬಿಸಿಲಿಗೆ ಆವಿ ಹೆಚ್ಚಿ ಟ್ಯಾಂಕು ಉಬ್ಬುತ್ತದೆ. ರಾತ್ರಿ ಆವಿ ತಣಿದು ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡಕ್ಕೆ ಅದೇ ಟ್ಯಾಂಕು ಒಳಕ್ಕೆ ಬಗ್ಗುತ್ತದೆ. ಗಾಡಿ ಓಡುವಾಗ ಪಂಪು ಪೆಟ್ರೋಲನ್ನು ಎಳೆದಂತೆಲ್ಲ ಖಾಲಿಯಾದ ಜಾಗಕ್ಕೆ ಗಾಳಿ ಬರಲೇಬೇಕು, ಬಾರದಿದ್ದರೆ ಪಂಪಿಗೆ ಎಳೆಯಲಾಗದೆ ಎಂಜಿನ್ ನಿಲ್ಲುತ್ತದೆ. ಟ್ಯಾಂಕು ಉಸಿರಾಡಲೇಬೇಕು. ಹಳೆಯ ಕಾರುಗಳಲ್ಲಿ ಅದು ನೇರವಾಗಿ ಬಯಲಿಗೇ ಉಸಿರಾಡುತ್ತಿತ್ತು. ಕಾರ್ಬುರೇಟರಿನ ಬಟ್ಟಲೂ ಅಷ್ಟೇ. ದೂರ ಓಡಿ ಬಂದ ಗಾಡಿಯನ್ನು ನಿಲ್ಲಿಸಿದ ಕೂಡಲೇ ಎಂಜಿನ್ನಿನ ಬಿಸಿಗೆ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಬಾನೆಟ್ಟಿನ ಸಂದಿನಿಂದ ಹೊರಗೆ ಬರುತ್ತಿತ್ತು. ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ನೆನಪಿರುವವರಿಗೆ ಶೆಡ್ಡಿನ ಬಾಗಿಲು ತೆರೆದಾಗ ಮೂಗಿಗೆ ಬಡಿಯುತ್ತಿದ್ದ ಆ ವಾಸನೆ ಇನ್ನೂ ನೆನಪಿರುತ್ತದೆ.

ಆ ವಾಸನೆ ಒಂದು ಊರಿನ ಕಣ್ಣನ್ನೇ ಉರಿಸಿದ್ದು ಯಾರಿಗೂ ತಿಳಿಯದೆ ವರ್ಷಗಟ್ಟಲೆ ಕಳೆದವು ಎಂದರೆ ನಂಬುತ್ತೀರಾ? 1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಂದು ಮುಸುಕೊಂದು ಇಳಿಯಿತು. ಜನರ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಮಹಾಯುದ್ಧದ ಕಾಲ; ಶತ್ರುಗಳು ವಿಷಾನಿಲ ಬಿಟ್ಟರೇನೋ ಎಂದು ಹೆದರಿದವರೂ ಇದ್ದರು. ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕ ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಮೇಲೆ ಮೊದಲು ದೂರು ಬಂತು. ಅದನ್ನು ನಿಲ್ಲಿಸಿದ ಮೇಲೂ ಮುಸುಕು ಹೋಗಲಿಲ್ಲ.

ಅದರ ಜಾಡು ಹಿಡಿದದ್ದು ಅನಾನಸ್ ಹಣ್ಣಿನ ಪರಿಮಳದ ಹಿಂದೆ ಬಿದ್ದಿದ್ದ ಒಬ್ಬ ವಿಜ್ಞಾನಿ! ಪ್ಯಾಸಡೀನಾದ ಕ್ಯಾಲ್‌ಟೆಕ್‌ನಲ್ಲಿದ್ದ, ನೆದರ್ಲೆಂಡ್ಸ್ ಮೂಲದ ಆರೀ ಹಾಗೆನ್-ಸ್ಮಿಟ್. ಹಣ್ಣಿನ ಘಮವನ್ನು ಅತಿ ಚಳಿಯಲ್ಲಿ ತಣಿಸಿ, ಹನಿಯಾಗಿಸಿ, ಅದರಲ್ಲಿ ಏನೇನಿದೆ ಎಂದು ಬಿಡಿಸಿ ನೋಡುವುದು ಅವರ ಕೆಲಸ. ಅದೇ ಉಪಾಯವನ್ನು ಅವರು ಊರಿನ ಗಾಳಿಗೆ ಹೂಡಿದರು. ಕಿಟಕಿಯ ಹೊರಗಿನ ಗಾಳಿಯನ್ನು ರಾಶಿ ರಾಶಿಯಾಗಿ ಎಳೆದು ತಣಿಸಿದಾಗ ಕೈಗೆ ಸಿಕ್ಕಿದ್ದು ಕೆಲವೇ ಹನಿ ಕಂದು ದ್ರವ, ಕೆಟ್ಟ ವಾಸನೆಯದು. ಅಲ್ಲಿಂದ ಮುಂದೆ, 1950ರ ದಶಕದ ಆರಂಭದಲ್ಲಿ, ಅವರು ಒಗಟು ಬಿಡಿಸಿದರು. ಆ ಮುಸುಕು ಯಾವ ಚಿಮಣಿಯಿಂದಲೂ ಸಿದ್ಧವಾಗಿ ಬರುತ್ತಿರಲಿಲ್ಲ, ಅದು ಗಾಳಿಯಲ್ಲೇ ತಯಾರಾಗುತ್ತಿತ್ತು. ಪೆಟ್ರೋಲಿನ ಆವಿ, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳು, ಮೇಲೆ ಬಿಸಿಲು. ಈ ಮೂರು ಸೇರಿದರೆ ನೆಲಮಟ್ಟದ ಓಝೋನ್!

ಆ ರಸಾಯನಶಾಸ್ತ್ರ ಬೆರಗು ಹುಟ್ಟಿಸುವಂಥದು. ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆಯುತ್ತದೆ. ಕಳಚಿಕೊಂಡ ಒಂಟಿ ಆಕ್ಸಿಜನ್ ಪರಮಾಣು ಪಕ್ಕದ ಆಕ್ಸಿಜನ್ ಅಣುವಿಗೆ ಸೇರಿ ಓಝೋನ್ ಆಗುತ್ತದೆ. ಬರೀ ಇಷ್ಟೇ ಇದ್ದರೆ ಚಿಂತೆಯಿಲ್ಲ. ಒಡೆದು ಉಳಿದ ನೈಟ್ರಿಕ್ ಆಕ್ಸೈಡು ಆ ಓಝೋನನ್ನು ತಿಂದು ಹಾಕಿ ಲೆಕ್ಕ ಸರಿಮಾಡುತ್ತದೆ. ಆದರೆ ಗಾಳಿಯಲ್ಲಿ ಹೈಡ್ರೋಕಾರ್ಬನ್ ಆವಿ ಇದ್ದರೆ ಅದರಿಂದ ಹುಟ್ಟಿದ ತುಣುಕುಗಳು ನೈಟ್ರಿಕ್ ಆಕ್ಸೈಡನ್ನು ಮೊದಲೇ ಸೆಳೆದುಕೊಂಡು ಮತ್ತೆ ಡೈಆಕ್ಸೈಡ್ ಮಾಡಿಬಿಡುತ್ತವೆ. ತಿನ್ನುವವರಿಲ್ಲದ ಓಝೋನ್ ಗಂಟೆಗಂಟೆಗೆ ಕೂಡುತ್ತಾ ಹೋಗುತ್ತದೆ. ರಬ್ಬರಿನ ತುಂಡನ್ನು ಬಗ್ಗಿಸಿ ಆ ಗಾಳಿಯಲ್ಲಿಟ್ಟು, ಅದು ಎಷ್ಟು ಬೇಗ ಬಿರುಕು ಬಿಡುತ್ತದೆ ಎಂಬುದರ ಮೇಲೆ ಓಝೋನನ್ನು ಅಳೆಯುತ್ತಿದ್ದರು ಹಾಗೆನ್-ಸ್ಮಿಟ್!

ಲೆಕ್ಕ ಹಾಕಿದಾಗ ಇನ್ನೊಂದು ಆಶ್ಚರ್ಯ ಹೊರಬಿತ್ತು. ಯಾವ ಹತೋಟಿಯೂ ಇಲ್ಲದ ಅಂದಿನ ಕಾರಿನಿಂದ ಹೊರಬರುತ್ತಿದ್ದ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೇ ಒಂದು ಪಾಲು ಸೈಲೆನ್ಸರಿನಿಂದ ಬರುತ್ತಲೇ ಇರಲಿಲ್ಲ, ಎಂಜಿನ್ನಿನ ಬೇರೆ ಯಾವ ಕಿಂಡಿಯಿಂದಲೂ ಅಲ್ಲ. ಟ್ಯಾಂಕು ಮತ್ತು ಕಾರ್ಬುರೇಟರಿನಿಂದ ಸುಮ್ಮನೆ ಆವಿಯಾಗಿ ಹೋಗುತ್ತಿತ್ತು! ಅದರಲ್ಲಿ ಬಹುಪಾಲು ಕಾರು ನಿಂತಿದ್ದಾಗ. 1970ರ ಮಾಡೆಲ್ ಕಾರುಗಳಿಂದ ಕ್ಯಾಲಿಫೋರ್ನಿಯಾ, 1971ರ ಮಾಡೆಲ್‌ಗಳಿಂದ ಇಡೀ ಅಮೆರಿಕ ಈ ಆವಿಯನ್ನು ಹಿಡಿಯಲೇಬೇಕೆಂದು ಕಾನೂನು ಮಾಡಿದವು. ಆವಿಯನ್ನು ಎಂಜಿನ್ನಿನ ಹೊಟ್ಟೆಯೊಳಗೇ, ಅಂದರೆ ಕ್ರ್ಯಾಂಕ್‌ಕೇಸಿನಲ್ಲಿ ಕೂಡಿಡುವ ಪ್ರಯತ್ನವೂ ಆಗ ನಡೆಯಿತು. ಕೊನೆಗೆ ಗೆದ್ದದ್ದು ಇದ್ದಿಲು.

ಆ ಇದ್ದಿಲಿನ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಡಬ್ಬಿಯಲ್ಲಿರುವುದು ಒಲೆಯ ಇದ್ದಿಲಲ್ಲ, ಆಕ್ಟಿವೇಟೆಡ್ ಕಾರ್ಬನ್. ಕಪ್ಪು ಕಾಳುಗಳು, ಹೊರಗಿನಿಂದ ನೋಡಿದರೆ ಏನೂ ವಿಶೇಷವಿಲ್ಲ. ಒಳಗೆ ಮಾತ್ರ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು, ರಂಧ್ರದೊಳಗೆ ರಂಧ್ರ. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಿದರೆ ಒಂದೇ ಒಂದು ಗ್ರಾಂ ಕಾರ್ಬನ್ನಿಗೆ ಸುಮಾರು 1,400 ಚದರ ಮೀಟರ್ ಮೈ ಇರುತ್ತದೆ. ನಮ್ಮ ಪಹಣಿ ಲೆಕ್ಕದಲ್ಲಿ ಹೆಚ್ಚುಕಡಿಮೆ 14 ಗುಂಟೆ ಜಮೀನು! ಒಂದು ಲೀಟರ್ ಹಿಡಿಸುವ ಡಬ್ಬಿಯಲ್ಲಿ ಇಂಥ ಕಾರ್ಬನ್ ಸುಮಾರು 300 ಗ್ರಾಂ ಇರುತ್ತದೆ. ಗುಣಿಸಿ ನೋಡಿ. ನೂರು ಎಕರೆ ದಾಟುತ್ತದೆ! ಎರಡು ಕೈಯಲ್ಲಿ ಹಿಡಿಯಬಹುದಾದ ಡಬ್ಬಿಯೊಳಗೆ ನೂರು ಎಕರೆ!

ಆ ನೂರು ಎಕರೆಯ ಮೇಲೆ ಪೆಟ್ರೋಲಿನ ಅಣುಗಳು ಬಂದು ಕೂರುತ್ತವೆ. ಬಟ್ಟೆ ನೀರನ್ನು ಕುಡಿಯುವ ಬಗೆ ಇದಲ್ಲ, ಕಾರ್ಬನ್ನಿನೊಡನೆ ರಾಸಾಯನಿಕವಾಗಿ ಬೆರೆಯುವುದೂ ಇಲ್ಲ. ಅಣುವಿಗೂ ಗೋಡೆಗೂ ನಡುವೆ ಇರುವ ಮೆಲುವಾದ ಸೆಳೆತವೊಂದರಿಂದ ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆ, ಅಷ್ಟೇ. ಕಿರಿದಾದ ರಂಧ್ರದಲ್ಲಿ ಎಲ್ಲ ಕಡೆಯ ಗೋಡೆಯೂ ಒಟ್ಟಿಗೆ ಸೆಳೆಯುವುದರಿಂದ ಆ ಹಿಡಿತ ಸಾಕಷ್ಟು ಬಲವಾಗುತ್ತದೆ. ಒಳ್ಳೆಯ ಜಾತಿಯ ಒಂದು ಲೀಟರ್ ಕಾರ್ಬನ್ ನೂರು ಗ್ರಾಮಿಗಿಂತ ಹೆಚ್ಚು ಬ್ಯೂಟೇನನ್ನು ಹಿಡಿದು ಮತ್ತೆ ಬಿಡಬಲ್ಲದು. ಹಾರಾಡುತ್ತಿದ್ದ ಅಣು ಗೋಡೆಗೆ ಕೂತಾಗ ಆ ಸೆಳೆತದ ಶಕ್ತಿ ಬಿಸಿಯಾಗಿ ಹೊರಬರುತ್ತದೆ. ಆವಿ ತುಂಬುತ್ತಿರುವ ಕ್ಯಾನಿಸ್ಟರನ್ನು ಮುಟ್ಟಿದರೆ ಬೆಚ್ಚಗಿರುತ್ತದೆ. ಆವಿ ಬಿಟ್ಟು ಖಾಲಿಯಾಗುವಾಗ ಅದೇ ಡಬ್ಬಿ ತಣ್ಣಗಾಗುತ್ತದೆ.

ಈಗ ನನ್ನನ್ನು ತುಂಬ ಯೋಚನೆಗೆ ಹಚ್ಚಿದ ಸಂಗತಿ. ಆಕ್ಟಿವೇಟೆಡ್ ಕಾರ್ಬನ್ ಎಂದ ಕೂಡಲೇ ನಮಗೆ ತೆಂಗಿನ ಚಿಪ್ಪು ನೆನಪಾಗುತ್ತದೆ. ತಿಪಟೂರಿನ ಸುತ್ತ ಕೊಬ್ಬರಿ ಒಡೆದಾದ ಮೇಲೆ ಉಳಿಯುವ ಚಿಪ್ಪನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಅತ್ಯುತ್ತಮ ಕಾರ್ಬನ್ ತಯಾರಾಗುತ್ತದೆ, ನೀರಿನ ಫಿಲ್ಟರಿನೊಳಗೆ ಕೂರುವುದು ಅಂಥದ್ದೇ. ಹಾಗಿದ್ದರೆ ಕಾರಿಗೂ ಅದನ್ನೇ ತುಂಬಬಹುದಲ್ಲ? ಹೆಚ್ಚಾಗಿ ತುಂಬುವುದಿಲ್ಲ. ಕಾರಣ ಕೇಳಿದರೆ ರೋಮಾಂಚನವಾಗುತ್ತದೆ. ಚಿಪ್ಪಿನ ಕಾರ್ಬನ್ನಿನ ರಂಧ್ರಗಳು ಬಹುತೇಕ ಎರಡು ನ್ಯಾನೋಮೀಟರಿಗಿಂತ ಕಿರಿದು, ಅಂದರೆ ಮಿಲಿಮೀಟರಿನ ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗವೂ ಇಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಹಿಡಿತ ಅತಿಯಾಗುತ್ತದೆ. ಒಳಹೊಕ್ಕ ಆವಿ ಸುಲಭಕ್ಕೆ ಹೊರಬರುವುದಿಲ್ಲ. ನೀರಿನ ಫಿಲ್ಟರಿಗೆ ಅದು ದೊಡ್ಡ ಗುಣ, ಹಿಡಿದ ಕಲ್ಮಶ ಅಲ್ಲೇ ಇರಲಿ ಎಂಬುದೇ ಅಲ್ಲಿನ ಆಸೆ. ಕಾರಿಗೆ ಬೇಕಾದದ್ದು ಹಗಲು ಹಿಡಿದು ಮರುದಿನ ಬೆಳಗ್ಗೆ ಬಿಟ್ಟುಕೊಡುವ ಇದ್ದಿಲು. ಅದಕ್ಕಾಗಿ ಮರದ ಪುಡಿಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಕಾಯಿಸಿ, ಎರಡರಿಂದ ಐದು ನ್ಯಾನೋಮೀಟರ್ ಅಗಲದ ರಂಧ್ರಗಳು ಹೇರಳವಾಗಿರುವ ಕಾರ್ಬನ್ ಮಾಡುತ್ತಾರೆ. ಬಿಗಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ರಂಧ್ರದ ಅಗಲವನ್ನು ಅಣುವಿನ ಅಳತೆಗೆ ಹದಮಾಡಿದ್ದಾರೆ! ಹೀಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಒಂದೇ ಡಬ್ಬಿ ಕಾರಿನ ಆಯುಷ್ಯವಿಡೀ ನಡೆಯುತ್ತದೆ. ಬದಲಾಯಿಸುವ ಲೆಕ್ಕವೇ ಇಲ್ಲ.

ಬಿಟ್ಟುಕೊಡುವ ಕೆಲಸ ನಡೆಯುವುದು ಎಂಜಿನ್ ಓಡುವಾಗ. ಅದನ್ನು ಬೆರಳಿನಲ್ಲೇ ಮುಟ್ಟಿ ತಿಳಿಯಬಹುದು ಎಂದು ನನಗೆ ತೋರಿಸಿಕೊಟ್ಟವನು ಒಬ್ಬ ಮೆಕ್ಯಾನಿಕ್. ಬಾನೆಟ್ ಎತ್ತಿದ್ದ, ಎಂಜಿನ್ ಐಡಲಿಂಗ್‌ನಲ್ಲಿತ್ತು. ಟಿಕ್ ಟಿಕ್ ಟಿಕ್ ಎಂಬ ಸಣ್ಣ ಸದ್ದು.

“ಸಾರ್, ಟ್ಯಾಪೆಟ್ ಸೌಂಡು ಅಂತ ಎಷ್ಟೋ ಜನ ಗಾಡಿ ತರ್ತಾರೆ. ಇದು ಟ್ಯಾಪೆಟ್ ಅಲ್ಲ, ಪರ್ಜ್ ವಾಲ್ವು. ಬೆರಳಿಟ್ಟು ನೋಡಿ,” ಎಂದ.

ಹೆಬ್ಬೆರಳಿನಷ್ಟು ದಪ್ಪದ ಕಪ್ಪು ವಾಲ್ವು, ಎರಡು ಕಡೆ ಸಣ್ಣ ಪೈಪು, ಮೇಲೊಂದು ವೈರಿನ ಸಾಕೆಟ್ಟು. ಬೆರಳಿಟ್ಟೆ. ಒಳಗೆ ಏನೋ ಮಿಡಿಯುತ್ತಿತ್ತು. ಆ ಒಂದೊಂದು ಮಿಡಿತಕ್ಕೂ ವಾಲ್ವು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೆರೆದು ಮುಚ್ಚುತ್ತದೆ, ಒಂದೊಂದು ಸಲವೂ ಚಿಟಿಕೆಯಷ್ಟು ಆವಿ ಎಂಜಿನ್ನಿಗೆ ಹೋಗುತ್ತದೆ. ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಪಿಸ್ಟನ್ನುಗಳು ಹುಟ್ಟಿಸುವ ನಿರ್ವಾತವೇ ಎಳೆಯುವ ಶಕ್ತಿ. ಕ್ಯಾನಿಸ್ಟರಿನ ಇನ್ನೊಂದು ಬದಿಯಿಂದ ಶುದ್ಧ ಗಾಳಿ ಒಳಬರುತ್ತದೆ, ಡಬ್ಬಿಯ ಗಾತ್ರದ ನೂರಾರು ಪಟ್ಟು ಗಾಳಿ ಹರಿದುಹೋಗುತ್ತದೆ, ಗೋಡೆಗೆ ಅಂಟಿದ್ದ ಅಣುಗಳು ಆ ಗಾಳಿಯ ಜೊತೆ ಕಳಚಿಕೊಂಡು ಸಿಲಿಂಡರಿಗೆ ಹೋಗಿ ಉರಿಯುತ್ತವೆ. ನಿನ್ನೆ ಮಧ್ಯಾಹ್ನ ಬಿಸಿಲಿಗೆ ಹಾರಿದ ಪೆಟ್ರೋಲ್ ಇಂದು ಬೆಳಗ್ಗೆ ಚಕ್ರ ತಿರುಗಿಸುತ್ತಿದೆ!

ಇದರಲ್ಲಿ ಒಂದು ಕಷ್ಟವಿದೆ. ಪೆಟ್ರೋಲ್ ಎಂಜಿನ್ನಿಗೆ ಗಾಳಿ ಮತ್ತು ಇಂಧನದ ಪ್ರಮಾಣ ಕರಾರುವಾಕ್ಕಾಗಿರಬೇಕು, ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಆ ಅಳತೆ ತಪ್ಪಿದರೆ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಸರಿಯಾಗಿ ಮಾಡಲಾರದು. ಕ್ಯಾನಿಸ್ಟರಿನಿಂದ ಬರುವ ಗಾಳಿಯಲ್ಲಿ ಎಷ್ಟು ಪೆಟ್ರೋಲ್ ಇದೆ ಎಂಬುದು ಮೊದಲೇ ಯಾರಿಗೂ ಗೊತ್ತಿಲ್ಲ; ವಾರಗಟ್ಟಲೆ ಬಿಸಿಲಲ್ಲಿ ನಿಂತ ಕಾರಾದರೆ ತುಂಬಿರುತ್ತದೆ, ಈಗಷ್ಟೇ ಹೆದ್ದಾರಿಯಲ್ಲಿ ಓಡಿದ್ದಾದರೆ ಬರಿದಾಗಿರುತ್ತದೆ. ಕಾರಿನ ಕಂಪ್ಯೂಟರ್ ಏನು ಮಾಡುತ್ತದೆ ಗೊತ್ತೇ? ಎಂಜಿನ್ ಬಿಸಿಯಾಗುವವರೆಗೆ ಕಾಯುತ್ತದೆ. ಆಮೇಲೆ ವಾಲ್ವನ್ನು ಒಂದಿಷ್ಟೇ ತೆರೆದು, ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರಿನ ಕಡೆ ನೋಡುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಕಡಿಮೆಯಾಯಿತೋ, ಆವಿ ದಟ್ಟವಾಗಿದೆ ಎಂದು ಅರ್ಥ. ಕೂಡಲೇ ಇಂಜೆಕ್ಟರುಗಳು ಚಿಮ್ಮುವ ಪೆಟ್ರೋಲನ್ನು ಅಷ್ಟು ಕಡಿಮೆ ಮಾಡುತ್ತದೆ. ಹೀಗೆ ರುಚಿ ನೋಡುತ್ತ ನೋಡುತ್ತ ಡಬ್ಬಿಯಲ್ಲಿ ಎಷ್ಟಿದೆ ಎಂದು ಅಂದಾಜು ಕಟ್ಟಿ, ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಸ್ಟೀರಿಂಗ್ ಹಿಡಿದವರಿಗೆ ಇದರ ಸುಳಿವೇ ಸಿಗುವುದಿಲ್ಲ. ಟರ್ಬೊ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡಿನಲ್ಲಿ ನಿರ್ವಾತದ ಬದಲು ಒತ್ತಡವೇ ಇರುವ ಹೊತ್ತುಂಟು, ಅಂಥ ಹೊತ್ತಿಗೆಂದು ಆವಿ ಎಳೆಯಲು ಎರಡನೇ ದಾರಿಯನ್ನೂ ಇಟ್ಟಿರುತ್ತಾರೆ.

ವಾಲ್ವು ಕೆಟ್ಟು ತೆರೆದೇ ಇದ್ದರೆ? ಮೆಕ್ಯಾನಿಕ್ ಹೇಳಿದ ಲಕ್ಷಣ ಇದು: “ಟ್ಯಾಂಕ್ ಫುಲ್ ಮಾಡ್ಸಿ ಬಂಕ್‌ನಿಂದ ಹೊರಡೋಕೆ ಹೋದ್ರೆ ಸ್ಟಾರ್ಟೇ ಆಗಲ್ಲ ಸಾರ್. ಬೇರೆ ಟೈಮಲ್ಲಿ ಏನೂ ತೊಂದ್ರೆ ಇರಲ್ಲ.” ಟ್ಯಾಂಕು ತುಂಬುವಾಗ ಎದ್ದ ಆವಿ ತೆರೆದ ವಾಲ್ವಿನ ಮೂಲಕ ನೇರ ಎಂಜಿನ್ನಿನ ಬಾಯಿಗೆ ಬಂದು ಕೂತಿರುತ್ತದೆ. ಎಂಜಿನ್ನಿಗೆ ಉಸಿರುಗಟ್ಟುತ್ತದೆ.

ಬಂಕಿನ ಮಾತು ಬಂತಲ್ಲ, ಅಲ್ಲೊಂದು ಅದ್ಭುತ ದಿನವೂ ನಮ್ಮ ಕಣ್ಣೆದುರೇ ನಡೆಯುತ್ತದೆ. ಪೈಪು ಟ್ಯಾಂಕಿನ ಬಾಯಲ್ಲಿದೆ, ಪೆಟ್ರೋಲ್ ಧುಮುಕುತ್ತಿದೆ, ಇದ್ದಕ್ಕಿದ್ದಂತೆ ‘ಟಕ್’ ಎಂದು ತಾನೇ ನಿಲ್ಲುತ್ತದೆ. ಟ್ಯಾಂಕು ತುಂಬಿದ್ದು ಅದಕ್ಕೆ ಹೇಗೆ ಗೊತ್ತಾಯಿತು? ಕರೆಂಟೂ ಇಲ್ಲ, ಸೆನ್ಸರೂ ಇಲ್ಲ! ಮುಂದಿನ ಸಲ ಆ ನಾಜಲ್ಲಿನ ತುದಿಯನ್ನು ಗಮನಿಸಿ, ಬದಿಯಲ್ಲಿ ಒಂದು ಪುಟ್ಟ ತೂತು ಕಾಣುತ್ತದೆ. ಒಳಗೆ ಪೆಟ್ರೋಲ್ ಇಕ್ಕಟ್ಟಾದ ಕಂಠದ ಮೂಲಕ ರಭಸದಿಂದ ಹರಿಯುವಾಗ ಅಲ್ಲಿ ಒತ್ತಡ ಇಳಿದು, ಆ ತೂತಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೇರಿ ತೂತನ್ನು ಮುಚ್ಚಿತೋ, ಗಾಳಿ ನಿಂತು ಎಳೆತವೆಲ್ಲ ಒಂದು ತೆಳು ಪೊರೆಯ ಮೇಲೆ ಬೀಳುತ್ತದೆ. ಪೊರೆ ಸರಿದು ಕೊಂಡಿ ಕಳಚುತ್ತದೆ. ಟಕ್!

ಇದಕ್ಕೂ ಮೊದಲೇ ಟ್ಯಾಂಕಿನೊಳಗೆ ಇನ್ನೊಂದು ಆಟ ನಡೆದಿರುತ್ತದೆ. ಕ್ಯಾನಿಸ್ಟರಿಗೆ ಹೋಗುವ ದಾರಿಯ ಬಾಯಲ್ಲಿ ಒಂದು ತೇಲುವ ವಾಲ್ವು. ಪೆಟ್ರೋಲ್ ನಿಗದಿತ ಮಟ್ಟ ಮುಟ್ಟಿದಾಗ ಅದು ತೇಲಿ ಮೇಲೆದ್ದು ದಾರಿ ಮುಚ್ಚುತ್ತದೆ. ಆವಿಗೆ ಹೊರಹೋಗಲು ದಾರಿಯಿಲ್ಲದೆ ಟ್ಯಾಂಕಿನಲ್ಲಿ ಒತ್ತಡ ಏರಿ, ಪೆಟ್ರೋಲ್ ತುಂಬುವ ಕೊಳವೆಯಲ್ಲೇ ಹಿಂದಕ್ಕೆ ಏರಿ ಬರುತ್ತದೆ, ನಾಜಲ್ಲಿನ ತೂತನ್ನು ಮುಚ್ಚುತ್ತದೆ. ಅಂದರೆ ‘ಟಕ್’ ಆದಾಗ ಟ್ಯಾಂಕಿನೊಳಗೆ ಇನ್ನೂ ಜಾಗ ಇರುತ್ತದೆ. ಅದು ಬೇಕೆಂದೇ ಬಿಟ್ಟ ಜಾಗ, ಬಿಸಿಲಿಗೆ ಪೆಟ್ರೋಲ್ ಹಿಗ್ಗಲು, ಆವಿ ನಿಲ್ಲಲು. ಕಾರು ಮಗುಚಿದರೆ ದ್ರವ ಹೊರಬಾರದಂತೆ ದಾರಿ ಮುಚ್ಚುವ ವಾಲ್ವೂ ಇಲ್ಲೇ ಇರುತ್ತದೆ.

ಆಮೇಲೆ ನಾವು ಏನು ಮಾಡುತ್ತೇವೆ? “ರೌಂಡ್ ಫಿಗರ್ ಮಾಡಿ” ಎನ್ನುತ್ತೇವೆ! ಬಂಕಿನ ಹುಡುಗ ಹ್ಯಾಂಡಲ್ಲನ್ನು ಮೆಲ್ಲಗೆ ಒತ್ತಿ ಒತ್ತಿ ಹನಿಸುತ್ತಾನೆ. ಆವಿಗೆಂದು ಬಿಟ್ಟ ಜಾಗಕ್ಕೆ ಪೆಟ್ರೋಲ್ ನುಗ್ಗುತ್ತದೆ, ಜಾಗ ಸಾಲದೆ ದ್ರವವೇ ಆವಿಯ ಪೈಪಿನಲ್ಲಿ ಕ್ಯಾನಿಸ್ಟರಿಗೆ ಹೋಗಿಬಿಡಬಹುದು. ನೂರು ಎಕರೆಯೂ ಒಂದೇ ಏಟಿಗೆ ಮುಳುಗುತ್ತದೆ. ದ್ರವದಲ್ಲಿ ನೆಂದ ಕಾರ್ಬನ್ ಮೊದಲಿನಂತೆ ಆವಿ ಹಿಡಿಯಲಾರದು. ಮೊದಲ ‘ಟಕ್’ಗೇ ಸಾಕು ಎನ್ನಿ, ಚಿಲ್ಲರೆ ಎಷ್ಟಾದರೂ ಇರಲಿ. ಇದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ.

ತುಂಬಿಸುವಾಗ ಹೊರಬೀಳುವ ಆವಿಯೂ ಸಣ್ಣದಲ್ಲ. 40 ಲೀಟರ್ ಪೆಟ್ರೋಲ್ ಒಳಹೋದರೆ, ಆವಿ ತುಂಬಿದ 40 ಲೀಟರ್ ಗಾಳಿ ಹೊರಬರಲೇಬೇಕು. ಅದರಲ್ಲಿ ಸುಮಾರು 50 ಗ್ರಾಂ ಪೆಟ್ರೋಲ್ ಇರುತ್ತದೆ, ಕ್ಯಾನ್ಸರ್ ತರುವ ಬೆಂಜೀನಿನ ಅಂಶವೂ ಸೇರಿ. ಬಂಕಿನಲ್ಲಿ ದಿನವಿಡೀ ನಿಲ್ಲುವವರ ಮೂಗಿಗೆ ಹೋಗುವುದು ಅದೇ. ಅಮೆರಿಕದಲ್ಲಿ 1998ರ ಮಾಡೆಲ್‌ಗಳಿಂದ ಆ ಆವಿಯನ್ನೂ ಕಾರೇ ಹಿಡಿಯುವಂತೆ ಮಾಡಿದರು. ಉಪಾಯ ಎಷ್ಟು ಸರಳ ನೋಡಿ: ತುಂಬುವ ಕೊಳವೆಯನ್ನು ಕಿರಿದು ಮಾಡಿದರು. ಕಿರಿದಾದ ಕೊಳವೆಯಲ್ಲಿ ಇಳಿಯುವ ಪೆಟ್ರೋಲೇ ಬಿರಡೆಯಾಗಿ ನಿಂತು ಆವಿ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಆವಿಗೆ ದೊಡ್ಡ ಕ್ಯಾನಿಸ್ಟರಿನ ದಾರಿಯೊಂದೇ ಉಳಿಯುತ್ತದೆ. ನಮ್ಮಲ್ಲಿ ಹಲವು ಬಂಕುಗಳು ಈ ಆವಿಯನ್ನು ನಾಜಲ್ಲಿನಿಂದಲೇ ಎಳೆದು ನೆಲದಡಿಯ ಟ್ಯಾಂಕಿಗೆ ವಾಪಸು ಕಳಿಸುವ ವ್ಯವಸ್ಥೆ ಮಾಡಿಕೊಂಡಿವೆ.

ಇಷ್ಟೆಲ್ಲ ಪೈಪು, ವಾಲ್ವು, ಡಬ್ಬಿ ಇದ್ದು, ಎಲ್ಲೋ ಒಂದು ಕಡೆ ಗುಂಡುಸೂಜಿ ಗಾತ್ರದ ತೂತು ಬಿದ್ದರೆ? ಅದನ್ನೂ ಕಾರೇ ಕಂಡುಹಿಡಿಯಬೇಕು ಎಂದಿತು ಅಮೆರಿಕದ ಕಾನೂನು. 1996ರ ಹೊತ್ತಿಗೆ ಒಂದು ಮಿಲಿಮೀಟರ್ ತೂತು, ಆಮೇಲೆ ಅರ್ಧ ಮಿಲಿಮೀಟರ್! ಆ ಸವಾಲಿಗೆ ಎಂಜಿನಿಯರುಗಳು ಕೊಟ್ಟ ಉತ್ತರಗಳನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಒಂದು ಉಪಾಯದಲ್ಲಿ ಕಾರು ಪ್ರಕೃತಿಯನ್ನೇ ಬಳಸಿಕೊಳ್ಳುತ್ತದೆ. ಓಡಿ ಬಂದ ಕಾರನ್ನು ನಿಲ್ಲಿಸಿದ ಮೇಲೆ ಕಂಪ್ಯೂಟರ್ ಟ್ಯಾಂಕಿನ ಎಲ್ಲ ಬಾಗಿಲು ಮುಚ್ಚಿ ಸುಮ್ಮನೆ ಕಾಯುತ್ತದೆ. ಸೈಲೆನ್ಸರಿನ ಬಿಸಿಗೆ ಮೊದಲು ಟ್ಯಾಂಕಿನ ಒತ್ತಡ ತುಸು ಏರಬೇಕು, ಆಮೇಲೆ ತಣಿದಂತೆ ತುಸು ನಿರ್ವಾತ ಹುಟ್ಟಬೇಕು. ಎರಡೂ ಆಗದಿದ್ದರೆ ಎಲ್ಲೋ ತೂತಿದೆ! ಟೊಯೊಟಾ ಕಾರುಗಳ ಕೆಲವು ಮಾಡೆಲ್‌ಗಳದು ಇನ್ನೂ ವಿಚಿತ್ರ. ಕಾರು ನಿಲ್ಲಿಸಿ ಐದು ಗಂಟೆ ಕಳೆದ ಮೇಲೆ, ಎಲ್ಲರೂ ಮಲಗಿರುವ ಹೊತ್ತಿಗೆ, ಅದರ ಕಂಪ್ಯೂಟರ್ ತಾನಾಗಿ ಎಚ್ಚರಗೊಂಡು ಪುಟ್ಟ ಪಂಪೊಂದನ್ನು ಓಡಿಸುತ್ತದೆ. ಮೊದಲು ಕಾರ್ಖಾನೆಯಲ್ಲೇ ಕೊರೆದಿಟ್ಟ ಅರ್ಧ ಮಿಲಿಮೀಟರಿನ ತೂತಿನ ಮೂಲಕ ಗಾಳಿ ಎಳೆದು ಒತ್ತಡ ಎಷ್ಟಿಳಿಯಿತು ಎಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಟ್ಯಾಂಕಿನಿಂದ ಎಳೆದು ಹೋಲಿಸುತ್ತದೆ. ಟ್ಯಾಂಕಿನ ಒತ್ತಡ ಅಷ್ಟು ಇಳಿಯದಿದ್ದರೆ ಅಲ್ಲಿರುವ ತೂತು ಅರ್ಧ ಮಿಲಿಮೀಟರಿಗಿಂತ ದೊಡ್ಡದು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ ಕಾಣುವ ಪಿ0455 ಎಂದರೆ ದೊಡ್ಡ ಸೋರಿಕೆ, ಪಿ0442 ಸಣ್ಣದು, ಪಿ0456 ಅತಿ ಸಣ್ಣದು. ಹೆಚ್ಚಿನ ಸಲ ಕಳ್ಳ ಸಿಗುವುದು ಟ್ಯಾಂಕಿನ ಮುಚ್ಚಳದಲ್ಲೇ. ಸರಿಯಾಗಿ ತಿರುಗಿಸಿ ಮುಚ್ಚಿರುವುದಿಲ್ಲ.

ತೂತೇ ಇಲ್ಲದ ಟ್ಯಾಂಕಿನಿಂದಲೂ ಪೆಟ್ರೋಲ್ ಹೊರಬರುತ್ತದೆ ಎಂದು ತಿಳಿದಾಗಲಂತೂ ಬೆರಗಿಗೆ ಕೊನೆಯೇ ಇರಲಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ಗೋಡೆಯೊಳಗೇ ಅಣುಗಳು ನುಸುಳಿಕೊಂಡು, ಪಾಲಿಥೀನಿನ ಸರಪಳಿಗಳ ನಡುವೆ ದಾರಿ ಮಾಡಿಕೊಂಡು, ಆಚೆ ಬದಿಗೆ ಬರುತ್ತವೆ! ಅದಕ್ಕೇ ಇಂದಿನ ಟ್ಯಾಂಕಿನ ಗೋಡೆ ಒಂದೇ ಪದರದ್ದಲ್ಲ. ಹೆಚ್ಚಾಗಿ ಆರು ಪದರ ಒಟ್ಟಿಗೆ ಅಚ್ಚಾಗಿರುತ್ತದೆ, ನಡುವೆ ಕಾಗದದಷ್ಟು ತೆಳುವಾದ ಇವಿಓಎಚ್ ಎಂಬ ಬೇರೆ ಪ್ಲಾಸ್ಟಿಕ್. ಆಹಾರದ ಪೊಟ್ಟಣಗಳಲ್ಲಿ ಗಾಳಿಯನ್ನು ತಡೆಯುವುದೂ ಇದೇ. ಆ ತೆಳು ಪದರ ಪೆಟ್ರೋಲಿನ ದಾರಿ ಕಟ್ಟುತ್ತದೆ.

ಇದನ್ನೆಲ್ಲ ಪರೀಕ್ಷಿಸುವ ಕೋಣೆಗೆ ‘ಶೆಡ್’ ಎನ್ನುತ್ತಾರೆ. ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐನಲ್ಲಿ ಅಂಥದ್ದಿದೆ. ಗಾಳಿಯಾಡದ ಲೋಹದ ಕೋಣೆಯಲ್ಲಿ ಕಾರನ್ನು ನಿಲ್ಲಿಸಿ ಬಾಗಿಲು ಮುಚ್ಚುತ್ತಾರೆ. 24 ಗಂಟೆ ಕಾಲ ಒಳಗಿನ ಬಿಸಿಯನ್ನು 20 ಡಿಗ್ರಿಯಿಂದ 35ಕ್ಕೆ ಏರಿಸಿ ಮತ್ತೆ 20ಕ್ಕೆ ಇಳಿಸುತ್ತಾರೆ, ಬೆಂಗಳೂರಿನ ಬೇಸಿಗೆಯ ಒಂದು ದಿನವನ್ನೇ ಕೋಣೆಯೊಳಗೆ ಸೃಷ್ಟಿಸಿದಂತೆ. ಕೋಣೆಯ ಗಾಳಿಯನ್ನು ಹೈಡ್ರೋಜನ್ ಜ್ವಾಲೆಯ ಮೂಲಕ ಹಾಯಿಸಿ, ಅಲ್ಲಿ ಹುಟ್ಟುವ ಅಯಾನುಗಳಿಂದ ಎಷ್ಟು ಹೈಡ್ರೋಕಾರ್ಬನ್ ಸೇರಿದೆ ಎಂದು ಅಳೆಯುತ್ತಾರೆ. ನಮ್ಮ ಬಿಎಸ್-6 (ಭಾರತ್ ಸ್ಟೇಜ್) ಹೊಗೆ ನಿಯಮದಲ್ಲಿ ಕಾರಿಗೆ ಇರುವ ಮಿತಿ ಇಡೀ ಪರೀಕ್ಷೆಗೆ 2 ಗ್ರಾಂ. ಅರ್ಧ ಚಮಚ ಪೆಟ್ರೋಲಿಗೇ ಮಿತಿ ಮುಗಿಯುತ್ತದೆ! ಕ್ಯಾಲಿಫೋರ್ನಿಯಾದ ತುಂಬ ಬಿಗಿಯಾದ ಒಂದು ಮಟ್ಟದಲ್ಲಂತೂ ಇಡೀ ಕಾರಿಗೆ 0.35 ಗ್ರಾಂ, ಇಂಧನ ವ್ಯವಸ್ಥೆಗೆ ಬರೀ 0.054 ಗ್ರಾಂ. ಈ ಅಳತೆ ಎಷ್ಟು ಸೂಕ್ಷ್ಮವೆಂದರೆ ಹೊಸ ಟೈರಿನ ವಾಸನೆ, ಸೀಟಿನ ಅಂಟಿನ ವಾಸನೆ, ಪೇಂಟಿನ ವಾಸನೆ ಎಲ್ಲ ಲೆಕ್ಕಕ್ಕೆ ಸಿಗುತ್ತದೆ. ಹೊಸ ಕಾರಿನ ಘಮವೆಂದು ನಾವು ಮೂಗರಳಿಸುವುದು ಆ ಯಂತ್ರಕ್ಕೆ ಬರೀ ಹೈಡ್ರೋಕಾರ್ಬನ್.

ನಮ್ಮ ದೇಶದ ಮಟ್ಟಿಗೆ ದೊಡ್ಡ ಸಂಗತಿ ನಡೆದದ್ದು ಬೈಕು, ಸ್ಕೂಟರುಗಳಲ್ಲಿ. 2017ರ ಏಪ್ರಿಲ್‌ನಲ್ಲಿ ಬಿಎಸ್-4 ಬಂದಾಗ ದ್ವಿಚಕ್ರ ವಾಹನಗಳಿಗೂ ಆವಿಯ ಮಿತಿ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಆ ಮಿತಿಯನ್ನು 1.5 ಗ್ರಾಂಗೆ ಇಳಿಸಿತು. ಮನೆಮುಂದೆ ನಿಂತಿರುವ ಹೊಸ ಸ್ಕೂಟರಿನಲ್ಲೂ ಪುಟ್ಟ ಕಪ್ಪು ಡಬ್ಬಿಯೊಂದಿದೆ, ಅದರೊಳಗೂ ಎಕರೆಗಟ್ಟಲೆ ಇದ್ದಿಲು!

ಈಚೆಗೆ ಆ ಇದ್ದಿಲಿಗೆ ಹೊಸ ಪರೀಕ್ಷೆಯೂ ಎದುರಾಗಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ, ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದರು. ಎಥೆನಾಲ್ ತಾನೊಂದೇ ಇದ್ದಾಗ ಪೆಟ್ರೋಲಿನಷ್ಟು ಹಾರುವುದಿಲ್ಲ. 38 ಡಿಗ್ರಿಯಲ್ಲಿ ಅದರ ಆವಿಯ ಒತ್ತಡ ಸುಮಾರು 16 ಕಿಲೋಪಾಸ್ಕಲ್, ಪೆಟ್ರೋಲಿನದು 60ರ ಆಸುಪಾಸು. ಹಾಗಾದರೆ ಎರಡನ್ನೂ ಬೆರೆಸಿದರೆ ಒತ್ತಡ ಇಳಿಯಬೇಕಲ್ಲ? ಏರುತ್ತದೆ! ಎಥೆನಾಲ್ ಅಣುಗಳು ತಮ್ಮತಮ್ಮಲ್ಲಿ ಹೈಡ್ರೋಜನ್ ಬಂಧದಿಂದ ಕೈಹಿಡಿದುಕೊಂಡಿರುತ್ತವೆ, ಅದಕ್ಕೇ ಹಾರುವುದಿಲ್ಲ. ಪೆಟ್ರೋಲಿನ ಸಂತೆಯಲ್ಲಿ ಚೆದುರಿದಾಗ ಆ ಹಿಡಿತ ತಪ್ಪಿ ಒಂದೊಂದೂ ಒಂಟಿಯಾಗುತ್ತದೆ, ಒಂಟಿಯಾದ ಅಣು ಸಲೀಸಾಗಿ ಹಾರುತ್ತದೆ. ಈ ಏರಿಕೆ ಶೇಕಡಾ 10ರ ಮಿಶ್ರಣದ ಸುತ್ತಮುತ್ತ ಶಿಖರ ಮುಟ್ಟಿ, 20ಕ್ಕೆ ಬರುವಾಗ ತುಸು ಇಳಿದಿರುತ್ತದೆ. ಹೀಗಾಗಿ ಬೆರೆಸುವ ಪೆಟ್ರೋಲಿನಲ್ಲೇ ಹಗುರ ಅಂಶವನ್ನು ಹದಮಾಡಬೇಕಾಗುತ್ತದೆ. ಎಥೆನಾಲ್ ಪ್ಲಾಸ್ಟಿಕ್ಕಿನ, ರಬ್ಬರಿನ ಗೋಡೆಯಲ್ಲಿ ನುಸುಳುವುದರಲ್ಲೂ ಜಾಣ, ಆದ್ದರಿಂದ ಪೈಪುಗಳ ಆಯ್ಕೆಯನ್ನೂ ಮತ್ತೆ ನೋಡಬೇಕಾಗುತ್ತದೆ.

ಇನ್ನು ಪ್ಲಗ್-ಇನ್ ಹೈಬ್ರಿಡ್ ಕಾರುಗಳಲ್ಲಿ ಇಡೀ ಲೆಕ್ಕವೇ ತಲೆಕೆಳಗು. ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಓಡಾಡುವವರ ಕಾರಿನಲ್ಲಿ ಎಂಜಿನ್ ವಾರಗಟ್ಟಲೆ ಓಡುವುದೇ ಇಲ್ಲ. ಎಂಜಿನ್ ಓಡದಿದ್ದರೆ ಕ್ಯಾನಿಸ್ಟರ್ ಬರಿದಾಗುವುದು ಯಾವಾಗ? ಅದಕ್ಕಾಗಿ ಅಲ್ಲಿ ಒತ್ತಡ ತಡೆಯುವ ಗಟ್ಟಿ ಟ್ಯಾಂಕನ್ನಿಟ್ಟು, ಆವಿಯನ್ನು ಟ್ಯಾಂಕಿನೊಳಗೇ ಕಟ್ಟಿಹಾಕುತ್ತಾರೆ. ಅಂಥ ಕಾರಿಗೆ ಪೆಟ್ರೋಲ್ ಹಾಕಿಸಲು ಮುಚ್ಚಳವನ್ನು ಎಳೆದರೆ ಬರುವುದಿಲ್ಲ. ಮೊದಲು ಒಳಗಿನ ಗುಂಡಿ ಒತ್ತಬೇಕು. ಕೂಡಿದ್ದ ಒತ್ತಡ ಕ್ಯಾನಿಸ್ಟರಿನ ಮೂಲಕ ಹಾಯ್ದು ಇಳಿಯುವವರೆಗೆ ಕೆಲವು ಸೆಕೆಂಡು ಕಾಯಬೇಕು, ಆಮೇಲಷ್ಟೇ ಮುಚ್ಚಳ ತೆರೆಯುತ್ತದೆ. ಷೆವ್ರೊಲೆಟ್ ವೋಲ್ಟ್ ಕಾರಿನ ಕಂಪ್ಯೂಟರ್ ಟ್ಯಾಂಕಿನಲ್ಲಿರುವ ಪೆಟ್ರೋಲಿನ ಸರಾಸರಿ ವಯಸ್ಸನ್ನೂ ಲೆಕ್ಕ ಇಡುತ್ತಿತ್ತು. ವರ್ಷ ದಾಟಿತೆಂದರೆ ಬ್ಯಾಟರಿ ತುಂಬಿದ್ದರೂ ಎಂಜಿನ್ನನ್ನು ತಾನೇ ಸ್ಟಾರ್ಟ್ ಮಾಡಿ ಹಳೆಯ ಪೆಟ್ರೋಲನ್ನು ಉರಿಸಿ ಮುಗಿಸುತ್ತಿತ್ತು.